ಕುಂಟಜ್ಜಿಯ ಡಂಗುರ

ಹೆಗ್ಗಣಗಳಿಗೆ ಸುಳ್ಳು ಹೇಳುವುದು ಹೇಗೆಂದು ಮೊದಲು ಕಂಡುಹಿಡಿದವಳು ನಾನು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಬಿಲಕ್ಕೆ ಹೊಗೆ ಊದುವುದು, ಬೋನಿಟ್ಟು ಹಿಡಿಯುವುದು, ತೆಂಗಿನ ಚೂರಿಗೆ ವಿಷ ಸವರಿ ಇಡುವುದು ಯಾರಿಗಾದರೂ ಬರುವ ವಿದ್ಯೆ. ಅವುಗಳ ಮಾತಿನಲ್ಲೇ ಮಾತಾಡಿ, ಅವು ಮಕ್ಕಳುಮರಿ ಕಚ್ಚಿಕೊಂಡು ತಾವಾಗಿಯೇ ಮನೆ ಖಾಲಿ ಮಾಡುವಂತೆ ಮಾಡುವುದು ಆ ವರ್ಷ ಭೂಮಿಯ ಮೇಲೆ ನನ್ನೊಬ್ಬಳಿಗೆ ಬರುತ್ತಿತ್ತು. ಅದರಿಂದ ಬಂದ ಜಂಬವನ್ನೂ ಮುಚ್ಚಿಡುವುದಿಲ್ಲ, ಈ ಕಥೆಗೆ ಅದು ಬೇಕು.

ಹೆಗ್ಗಣ ಕಿವಿಗಿಂತ ಹೆಚ್ಚಾಗಿ ಅಂಗಾಲಿನಿಂದ ಕೇಳುತ್ತದೆ. ನಮ್ಮ ಪ್ರಯೋಗಾಲಯದಲ್ಲಿ ಎರಡಾಳುದ್ದದ ಗಾಜಿನ ಪೆಟ್ಟಿಗೆಗೆ ಮಣ್ಣು ತುಂಬಿ, ಹದಿನಾಲ್ಕು ಹೆಗ್ಗಣ ಸಾಕಿ, ಮಣ್ಣಿನೊಳಗೆ ಕಂಪನ ಹಿಡಿಯುವ ಸೂಜಿಗಳನ್ನು ಇಟ್ಟಿದ್ದೆವು. ಅವು ಹಿಂಗಾಲಿನಿಂದ ನೆಲ ಗುದ್ದಿ ಮಾತಾಡುತ್ತವೆ. ಎರಡು ಗುದ್ದು ಗುದ್ದಿದರೆ 'ಇದು ನನ್ನ ಜಾಗ, ಆಚೆ ಹೋಗು' ಎಂದು. ಮೂರಕ್ಕೆ ತಿನ್ನುವ ವಿಚಾರ. ನಾಲ್ಕರ ಅರ್ಥ ಬಹಳ ದಿನ ತಿಳಿದಿರಲಿಲ್ಲ, ಏಕೆಂದರೆ ಯಾವುದೂ ನಾಲ್ಕು ಗುದ್ದಿರಲಿಲ್ಲ. ಒಂದು ದಿನ ಪೆಟ್ಟಿಗೆಯ ಒಂದು ತುದಿಯಲ್ಲಿ ತಳದ ತೂತು ತೆರೆದು ಮರಳು ನಿಧಾನವಾಗಿ ಸೋರುವಂತೆ ಬಿಟ್ಟೆವು. ಹೊರಗೆ ನಿಂತ ನಮಗೆ ಏನೂ ಕಾಣಲಿಲ್ಲ. ಗುಂಪಿನ ಅತಿ ಮುದಿ ಹೆಣ್ಣು ಮಾತ್ರ ಎದ್ದು ನಿಂತು ನಾಲ್ಕು ಗುದ್ದು ಗುದ್ದಿತು. ಸ್ವಲ್ಪ ಬಿಟ್ಟು ಮತ್ತೆ ನಾಲ್ಕು, ಮತ್ತೆ ನಾಲ್ಕು. ಉಳಿದ ಹದಿಮೂರೂ ತಂತಮ್ಮ ಮರಿಗಳನ್ನು ಕಚ್ಚಿಕೊಂಡು ಪೆಟ್ಟಿಗೆಯ ಇನ್ನೊಂದು ತುದಿಗೆ ಓಡಿದವು. ಒಂಬತ್ತು ನಿಮಿಷಕ್ಕೆ ಈ ತುದಿಯ ಮಣ್ಣು ಕುಸಿಯಿತು.

ಆ ಮುದುಕಿ ಹಿಂದೆಂದೋ ಬೋನಿಗೆ ಸಿಕ್ಕು ಹಿಂಗಾಲು ಮುರಿದುಕೊಂಡಿತ್ತು. ಹಾಗಾಗಿ ಅದರ ನಾಲ್ಕು ಗುದ್ದಿನಲ್ಲಿ ಮೂರನೆಯದು ಸದಾ ಮೆತ್ತಗೆ, ಇದ್ದೂ ಇಲ್ಲದ ಹಾಗೆ ಕೇಳುತ್ತಿತ್ತು. ನಾವು ಅದನ್ನು ಕುಂಟಜ್ಜಿ ಎಂದು ಕರೆಯುತ್ತಿದ್ದೆವು. ಕುಂಟಜ್ಜಿಯ ಆ ಎಚ್ಚರಿಕೆಯನ್ನು ಮುದ್ರಿಸಿಕೊಂಡು, ಉಕ್ಕಿನ ಗೂಟಗಳ ಮೂಲಕ ಯಾವ ನೆಲದಲ್ಲಿ ಬೇಕಾದರೂ ಮತ್ತೆ ನುಡಿಸುವ ಯಂತ್ರ ಮಾಡಿದೆ. ನುಡಿಸದೆ ಇರುವಾಗ ಅದೇ ಗೂಟಗಳು ನೆಲವನ್ನು ಆಲಿಸುತ್ತಿದ್ದವು. ಊರು ಬಿಡಿ ಎಂದು ಸಾರುವ ಯಂತ್ರವಾದ್ದರಿಂದ ಡಂಗುರ ಎಂದು ಹೆಸರಿಟ್ಟೆ.

ಸಂಕ್ರಾಂತಿ ಕಳೆದ ವಾರ ಪುಟ್ಟಮಾದಯ್ಯ ನನ್ನನ್ನು ಹುಡುಕಿಕೊಂಡು ಪ್ರಯೋಗಾಲಯಕ್ಕೆ ಬಂದ. ಮೈಸೂರಿನ ದಕ್ಷಿಣದ ಅಂಚಿನಲ್ಲಿರುವ ಕೋಡಿಕೆರೆ ಮೈದಾನದ ಹಿರಿಯ ಮಾಲಿ. ಚಪ್ಪಲಿ ಬಾಗಿಲಾಚೆ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದು, ನೆಲದ ಟೈಲ್ಸನ್ನು ಒಮ್ಮೆ ಹಿಮ್ಮಡಿಯಲ್ಲಿ ಕುಟ್ಟಿ ನೋಡಿ, ಆಮೇಲೆ ಮಾತು ತೆಗೆದ.

"ಮೇಡಮ್ಮೋರೆ, ನೀವು ಹೆಗ್ಗಣದ ತಾವ ಮಾತಾಡ್ತೀರಂತೆ. ನನ್ನ ಪರವಾಗಿ ವಸಿ ಒಂದು ಮಾತು ಯೋಳ್ಬೇಕಿತ್ತು."

"ಏನಂತ?"

"ಎದ್ದೋಗಿ ಅಂತ."

ಮೈದಾನದ ಹುಲ್ಲಿನಡಿ ನೂರಾರು ಹೆಗ್ಗಣ ಸೇರಿಕೊಂಡಿದ್ದವು. ದೀಪಾವಳಿಯ ಹೊತ್ತಿಗೆ ಚೆಂಡಿನ ಹಿಂದೆ ಓಡುತ್ತಿದ್ದ ಹುಡುಗಿಯೊಬ್ಬಳ ಕಾಲು ಬಿಲಕ್ಕೆ ಇಳಿದು ಮೂಳೆ ಎರಡು ಕಡೆ ಮುರಿದಿತ್ತು. ಮೈದಾನ ನಡೆಸುವ ಕ್ರೀಡಾ ಸಂಘ ಸಂಕ್ರಾಂತಿಯ ಮರುದಿನದಿಂದ ನೂರು ದಿನದ ಗಡುವು ಕೊಟ್ಟಿತ್ತು. ಗಡುವು ಮುಗಿದ ದಿನ ಪರಿಶೀಲಕರು ಬಂದು ಒಂದು ಪಂದ್ಯ ಆಡಿಸಿ ನೋಡುತ್ತಾರೆ. ಒಂದು ಬಿಲ ಕಂಡರೂ, ಒಂದು ಹೆಗ್ಗಣ ಉಳಿದಿದ್ದರೂ ಹುಲ್ಲನ್ನೆಲ್ಲ ಕಿತ್ತು ಪ್ಲಾಸ್ಟಿಕ್ ಹಾಸು ಹಾಕುವುದೆಂದು ತೀರ್ಮಾನವಾಗಿತ್ತು. ಇಲಿ ಕಾಟಕ್ಕೆ ಮನೆಗೆ ಬೆಂಕಿ ಇಟ್ಟ ಹಾಗಾಯಿತು ಎಂದೆ.

"ಪಿಲಾಸ್ಟಿಕ್ ಹುಲ್ಲಿಗೆ ಮಾಲಿ ಯಾಕವ್ವ? ಪರಕೆ ಹಿಡಿಯೋನು ಒಬ್ಬ ಇದ್ರೆ ಸಾಕು," ಎಂದ ಪುಟ್ಟಮಾದಯ್ಯ. "ನಾವು ಹನ್ನೊಂದು ಜನ ಇದೀವಿ. ನಾನು ಬಂದು ಮೂವತ್ತನಾಕು ವರ್ಸ ಆಯ್ತು. ಆ ಹುಲ್ಲು ನನ್ನ ಕಾಲ್ಗೆ ಗೊತ್ತು, ನನ್ನ ಕಾಲು ಆ ಹುಲ್ಲಿಗೆ ಗೊತ್ತು."

ಅದು ಬರಿಯ ಮಾತಲ್ಲ. ಅವನು ದಿನಾ ಬೆಳಿಗ್ಗೆ ಬರಿಗಾಲಲ್ಲಿ ಬೌಂಡರಿಯಿಂದ ಶುರುಮಾಡಿ ಸುತ್ತು ಸುತ್ತಾಗಿ ನಡುವಿನ ಪಿಚ್ಚಿನವರೆಗೂ ನಡೆಯುತ್ತಿದ್ದ. ಎಲ್ಲಿ ನೀರು ಹೆಚ್ಚು, ಎಲ್ಲಿ ಕಡಿಮೆ, ಎಲ್ಲಿ ನೆಲ ಪೊಳ್ಳು ಎನ್ನುವುದು ಅಂಗಾಲಿಗೆ ತಿಳಿಯುತ್ತಿತ್ತು. ಉಳಿದ ಹತ್ತು ಮಾಲಿಗಳಿಗೂ ಅದನ್ನೇ ಕಲಿಸಿದ್ದ. ಅಂಗಾಲಿನಿಂದ ಕೇಳುವವರಲ್ಲಿ ಹೆಗ್ಗಣಗಳ ನಂತರ ನಾನು ಕಂಡವರು ಇವರೇ.

"ನೂರು ದಿನ ಬೇಡ, ನಲವತ್ತು ಸಾಕು," ಎಂದೆ. ನನ್ನ ಬಾಯಿಗೆ ಬೀಗ ಇರಲಿಲ್ಲ.

ಅರವತ್ತನಾಲ್ಕು ಗೂಟಗಳನ್ನು ಮೈದಾನದ ತುಂಬ ಹುಲ್ಲಿನ ಮಟ್ಟಕ್ಕಿಂತ ಗೇಣು ಕೆಳಗೆ ಹೂತೆವು. ಸ್ಕೋರ್‌ಬೋರ್ಡಿನ ಕೆಳಗಿನ ಉಗ್ರಾಣ ನಮ್ಮ ನಿಯಂತ್ರಣ ಕೊಠಡಿಯಾಯಿತು. ಒಂದು ಕಡೆ ಸುಣ್ಣದ ಮೂಟೆ, ಹರಿದ ಬಲೆ, ಹುಲ್ಲು ಕತ್ತರಿಸುವ ಯಂತ್ರ. ಇನ್ನೊಂದು ಕಡೆ ನನ್ನ ಕಂಪ್ಯೂಟರ್. ಮೊದಲ ಸಂಜೆ ಸೂರ್ಯ ಇಳಿಯುತ್ತಿದ್ದ ಹಾಗೆ ಕುಂಟಜ್ಜಿಯನ್ನು ನುಡಿಸಿದೆ. ನಡುವಿನ ಗೂಟದಿಂದ ಶುರುವಾಗಿ ಸುತ್ತು ಸುತ್ತಾಗಿ ಹೊರಕ್ಕೆ ಹರಡುವಂತೆ ನುಡಿಸಿ, ದಕ್ಷಿಣದ ಮೋರಿಯ ದಿಕ್ಕೊಂದನ್ನು ಮಾತ್ರ ಮೌನವಾಗಿ ಬಿಟ್ಟೆ. ಮೌನವಿದ್ದ ಕಡೆಗೆ ಅವು ಓಡಬೇಕು. ಮೋರಿಯಾಚೆ ಯಾರೂ ಉಳದ ಬೀಳು ಜಮೀನಿತ್ತು.

ಐದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಹುಲ್ಲಿನ ಮೇಲೆ ಒಂದು ಮೂತಿ, ಹತ್ತು ಮೂತಿ. ಮಾಲಿಗಳು ಗ್ಯಾಲರಿಯಲ್ಲಿ ಸಾಲಾಗಿ ಕುಳಿತು ನೋಡುತ್ತಿದ್ದರು. ಗಂಡು, ಹೆಣ್ಣು, ಮರಿ ಕಚ್ಚಿಕೊಂಡ ತಾಯಂದಿರು, ನೂರನಲವತ್ತಕ್ಕೂ ಹೆಚ್ಚು, ಒಂದನ್ನೊಂದು ತಳ್ಳದೆ ಮೋರಿಯ ಕಡೆಗೆ ಹೊರಟವು. ಪುಟ್ಟಮಾದಯ್ಯ ಎದ್ದು ನಿಂತು ತಲೆಯ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಪಾಪ ಕನವ್ವ," ಎಂದ. ಹೆಗ್ಗಣಗಳನ್ನು ಬೈದು ಬೈದು ಮೂವತ್ತನಾಲ್ಕು ವರ್ಷ ಕಳೆದವನ ಬಾಯಲ್ಲಿ ಈ ಮಾತು ಕೇಳಿ ನನಗೆ ನಗು ಬಂತು. ಅಂದು ನನಗೆ ಗೆದ್ದ ಸಂತೋಷವಿತ್ತೇ ಹೊರತು ಪಾಪ ಅನ್ನಿಸಲಿಲ್ಲ.

ಹೊರಟವುಗಳಲ್ಲಿ ಏಳೆಂಟು ಬೀಳಿಗೆ ಹೋಗದೆ ಮೋರಿಯ ಉದ್ದಕ್ಕೂ ನಡೆದು ನಮ್ಮ ಬೀದಿಗೆ ಬಂದವು. ಮೈದಾನದಿಂದ ನಮ್ಮ ಮನೆ ಮೂರೇ ಬೀದಿ ದೂರ. ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ನನ್ನ ಅತ್ತೆ ರುಕ್ಕಮ್ಮನವರ ದನಿ ಕೇಳಿತು. ಅವರು ಮೂವತ್ತು ವರ್ಷ ಪ್ರಾಥಮಿಕ ಶಾಲೆಯ ಹೆಡ್‌ಮಿಸ್ ಆಗಿದ್ದವರು. ಬೈಯುವಾಗಲೂ ಹಾಜರಿ ಕೂಗುವ ಹಾಗೇ ಇರುತ್ತದೆ.

"ವಾರಿಜಾ, ಬಾಮ್ಮ ಇಲ್ಲಿ. ನಿನ್ನ ಶಿಷ್ಯರು ಬಂದಿದ್ದರು. ಎರಡು ಕೊಬ್ಬರಿ ಗಿಟುಕು, ಒಂದು ಸೋಪು, ನನ್ನ ಹತ್ತಿ ಬತ್ತಿ ಅಷ್ಟೂ ಆಗಿದೆ."

"ಮೋರಿ ಬಾಯಿಗೆ ನಾಲ್ಕು ಗೂಟ ಹಾಕ್ತೀನಿ ಅತ್ತೆ. ಇನ್ಮೇಲೆ ಬರಲ್ಲ."

"ಬರಲಿ ಬಿಡು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನೀನು ಹೆರದೆ ಇದ್ದ ಹೆಗ್ಗಣಾನೂ ಮುದ್ದು ಮಾಡ್ತೀಯ." ಕಾಫಿ ಲೋಟ ಕೈಗಿಟ್ಟು ನನ್ನ ಎದುರಿಗೇ ಕುಳಿತರು. "ಒಂದು ಕೇಳ್ತೀನಿ. ಏನಂತ ಹೇಳಿ ಓಡಿಸಿದೆ ಅವನ್ನ?"

"ನೆಲ ಕುಸೀತಿದೆ, ಓಡಿ ಅಂತ."

"ಕುಸೀತಿತ್ತಾ?"

"ಇಲ್ಲ."

"ನಮ್ಮ ಶಾಲೆಲಿ ಉದ್ದ ಗಂಟೆ ಅಂತ ಇತ್ತು. ಅಪಾಯ ಆದ್ರೆ ಮಾತ್ರ ಹೊಡೆಯೋದು. ಒಬ್ಬ ಜವಾನ ಇದ್ದ, ಮಕ್ಕಳು ಓಡೋದು ನೋಡೋಕೆ ಚೆಂದ ಅಂತ ಆಗಾಗ ಸುಮ್ಮನೆ ಹೊಡೆಯೋನು. ಆಮೇಲೆ ಒಂದು ದಿನ ಹೆಜ್ಜೇನು ಎದ್ದು ಬಂತು. ನಾನೇ ಕೈ ನೋಯೋ ಹಾಗೆ ಉದ್ದ ಗಂಟೆ ಹೊಡೆದೆ. ಒಂದು ಮಗೂನೂ ಏಳಲಿಲ್ಲ. ನೀನು ಓದಿದೋಳು, ನಾನು ಹೇಳೋದೇನಿದೆ."

ನನ್ನ ಗಂಡ ಶ್ರೀಕಂಠ ಪತ್ರಿಕೆಯ ಹಿಂದಿನಿಂದ, "ಅಮ್ಮ, ಅವಳು ಜವಾನ ಅಲ್ಲ, ಡಾಕ್ಟರೇಟ್ ಮಾಡಿರೋ ಜವಾನ," ಎಂದ. ಎಲ್ಲರೂ ನಕ್ಕೆವು. ನಾನೂ ನಕ್ಕು ಕಾಫಿ ಕುಡಿದು ಹೊರಟೆ.

ನಲವತ್ತನೆಯ ದಿನಕ್ಕೆ ಮೈದಾನ ಖಾಲಿಯಾಯಿತು. ತಿರುಗಿ ಬರಬಾರದೆಂದು ದಿನಾ ಸಂಜೆ ಒಮ್ಮೆ ಡಂಗುರ ಹೊಡೆಸುತ್ತಿದ್ದೆ. ಮಾಲಿಗಳು ಬಿಲ ಮುಚ್ಚುವ ಕೆಲಸಕ್ಕೆ ಬಿದ್ದರು. ಅದಕ್ಕೆ ಅವರದೇ ಒಂದು ಕ್ರಮವಿದೆ. ಬರಿ ಮಣ್ಣು ತುಂಬಿ ದಮ್ಮಸ್ಸು ಹೊಡೆದರೆ ಮಣ್ಣು ಮೇಲೆ ಗಟ್ಟಿಯಾಗುತ್ತದೆ, ಕೆಳಗೆ ಪೊಳ್ಳು ಉಳಿಯುತ್ತದೆ. ಅದಕ್ಕೇ ಮೊದಲು ಬಿಲಕ್ಕೆ ನೀರು ಬಿಡುತ್ತಾರೆ. ನೀರು ತುಂಬಿ ಬಾಯಿಗೆ ಬಂದು ನಿಂತ ಮೇಲೆ, ಅದು ಇಂಗುತ್ತಿದ್ದಂತೆ ಮಣ್ಣು ಹಾಕುತ್ತ ಹೋಗುತ್ತಾರೆ. ಹೀಗೆ ಮಾಡಿದರೆ ಮಣ್ಣು ತಾನಾಗಿ ಕೂರುತ್ತದೆ. ಇದನ್ನು ಅವರು ನೆಲಕ್ಕೆ ನೀರು ಕುಡಿಸುವುದು ಎನ್ನುತ್ತಾರೆ. ತಲೆತಲಾಂತರದ ಒಳ್ಳೆಯ ಕ್ರಮ, ನಾನೂ ಮೆಚ್ಚಿದೆ.

ವಾಯವ್ಯದ ಮೂಲೆಯಲ್ಲಿ ಮಾತ್ರ ನೀರು ಬಾಯಿಗೆ ಬರಲೇ ಇಲ್ಲ. ಒಂದು ಟ್ಯಾಂಕರ್ ಬಿಟ್ಟರು, ಎರಡು ಬಿಟ್ಟರು. ಏಳನೆಯ ಟ್ಯಾಂಕರಿಗೆ ಅಂತೂ ಬಿಲದ ಬಾಯಿ ತಾನೇ ಕುಸಿದು ಮುಚ್ಚಿಕೊಂಡಿತು. ಮಾಲಿಗಳು ಅದರ ಮೇಲೆ ಮಣ್ಣು ಹಾಕಿ, ಬೇರುಮಣ್ಣು ಸಮೇತ ಕತ್ತರಿಸಿ ತಂದ ಹುಲ್ಲಿನ ಹೆಪ್ಪೆ ಕೂರಿಸಿದರು. "ಬ್ಯಾಸಗೆ ನೋಡಿ, ನೆಲಕ್ಕೆ ಬಾಯಾರಿತ್ತು," ಎಂದು ಒಬ್ಬ ಹೇಳಿದ. ನಾವೆಲ್ಲ ತಲೆಯಾಡಿಸಿದೆವು. ಅಷ್ಟು ನೀರು ಎಲ್ಲಿಗೆ ಹೋಯಿತು ಎಂದು ಒಬ್ಬರಾದರೂ ಕೇಳಬೇಕಿತ್ತು. ಕೇಳಬೇಕಾದವಳು ನಾನೇ.

ಅದೇ ಮೂಲೆಯಲ್ಲಿ ಇನ್ನೊಂದು ಸಂಗತಿಯಿತ್ತು, ಅದು ನನಗೆ ಮಾತ್ರ ಗೊತ್ತು. ನಲವತ್ತೊಂದನೆಯ ಗೂಟದ ಕೆಳಗೆ, ಎರಡಾಳು ಆಳದಲ್ಲಿ, ಹಲ್ಲು ಕಡಿಯುವ ಸದ್ದು ಕೇಳುತ್ತಿತ್ತು. ಇಪ್ಪತ್ತೋ ಇಪ್ಪತ್ತೈದೋ ಹೆಗ್ಗಣಗಳು ಹೋಗದೆ ಉಳಿದಿದ್ದವು. ಕುಂಟಜ್ಜಿ ಎಷ್ಟು ಸಾರಿದರೂ ಅವು ಕದಲುತ್ತಿರಲಿಲ್ಲ. ಆ ಮೆತ್ತಗಿನ ಮೂರನೆಯ ಗುದ್ದು ಕೇಳಿದ ಕೂಡಲೇ ಹಲ್ಲಿನ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಗುತ್ತಿತ್ತು. ಅವಕ್ಕೆ ಸುಳ್ಳು ತಿಳಿದುಹೋಗಿತ್ತು.

ಆದರೆ ಅವು ಹುಲ್ಲಿನ ಮೇಲೆ ಬರುತ್ತಿರಲಿಲ್ಲ. ಅವುಗಳ ಬಾಗಿಲು ಬೇಲಿಯಾಚೆ ಇತ್ತು. ಹುಲ್ಲಿನ ಮೇಲೆ ಬಿಲ ಇಲ್ಲದ ಮೇಲೆ ಹೆಗ್ಗಣ ಇದ್ದರೇನು, ಬಿಟ್ಟರೇನು ಎಂದುಕೊಂಡೆ. ಪರಿಶೀಲನೆಯ ಹಿಂದಿನ ದಿನ ಪರಿಶೀಲಕರಾದ ಪೂಣಚ್ಚನವರು ಒಂದು ಹಾಳೆ ಮುಂದಿಟ್ಟರು. 'ಈ ಮೈದಾನದ ಅಡಿಯಲ್ಲಿ ಒಂದೂ ಹೆಗ್ಗಣವಿಲ್ಲವೆಂದು ದೃಢೀಕರಿಸುತ್ತೇನೆ.' ಹನ್ನೊಂದು ಜನ ಮಾಲಿಗಳು ಬಾಗಿಲಲ್ಲಿ ನಿಂತಿದ್ದರು. ನಾನು ಸಹಿ ಹಾಕಿದೆ.

ಪಂದ್ಯ ಎರಡು ಮಹಿಳಾ ಕಾಲೇಜುಗಳ ನಡುವೆ. ಏಪ್ರಿಲಿನ ಬಿಸಿಲು, ಮೈದಾನ ಹಸಿರು ಹಾಸಿಗೆಯಾಗಿತ್ತು. ಪೂಣಚ್ಚನವರು ಶಾಮಿಯಾನದಡಿ ಕಡತ ಹಿಡಿದು ಕುಳಿತಿದ್ದರು. ಆಟ ನೋಡುತ್ತಿರಲಿಲ್ಲ, ಓಡುವ ಹುಡುಗಿಯರ ಕಾಲನ್ನು ಮಾತ್ರ ನೋಡುತ್ತಿದ್ದರು. ಪುಟ್ಟಮಾದಯ್ಯ ರೋಲರಿನ ಪಕ್ಕ ಹುಲ್ಲಿನ ಮೇಲೆ ಕುಳಿತಿದ್ದ. ಹೊಸ ಬಿಳಿ ಅಂಗಿ, ಕಾಲು ಬರಿಗಾಲೇ. ನಾನು ಉಗ್ರಾಣದಲ್ಲಿ ಕಂಪ್ಯೂಟರಿನ ಮುಂದೆ ಕುಳಿತು, ಸಂಜೆ ಮನೆಗೆ ಮೈಸೂರ್‌ಪಾಕ್ ತೆಗೆದುಕೊಂಡು ಹೋಗಬೇಕೆಂದು ಯೋಚಿಸುತ್ತಿದ್ದೆ.

ಹದಿನಾಲ್ಕನೆಯ ಓವರಿನಲ್ಲಿ ನಲವತ್ತೊಂದನೆಯ ಗೂಟ ಎದ್ದು ಕುಳಿತಿತು. ಪರದೆಯ ಮೇಲೆ ನಾಲ್ಕು ಗುದ್ದು. ಸ್ವಲ್ಪ ಬಿಟ್ಟು ಮತ್ತೆ ನಾಲ್ಕು.

ಡಂಗುರವನ್ನು ನಿಲ್ಲಿಸಲು ಮರೆತೆನೆಂದು ಗುಂಡಿ ಒತ್ತಿದೆ. ಅದು ಆಗಲೇ ನಿಂತಿತ್ತು. ನುಡಿಸುವ ತಂತಿಯನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ಆಲಿಸುವ ತಂತಿ ಬೇರೆ ಇತ್ತು. ಅದರಲ್ಲಿ ಗುದ್ದು ಬರುತ್ತಲೇ ಇತ್ತು. ನಾಲ್ಕು, ಮತ್ತೆ ನಾಲ್ಕು. ಇದು ಯಂತ್ರದ್ದೋ, ನೆಲದ್ದೋ? ನಾನೇ ಅರವತ್ತಕ್ಕೂ ಹೆಚ್ಚು ಸಂಜೆ ಈ ಮಾತನ್ನು ಸುಳ್ಳಾಗಿ ಸಾರಿದ್ದೆ. ಈಗ ನಿಜವಾಗಿ ಸಾರಿದವರನ್ನು ನಾನು ಹೇಗೆ ಗುರುತಿಸಬೇಕು? ಅಲೆಗಳನ್ನು ದೊಡ್ಡದು ಮಾಡಿ ಮೂರನೆಯ ಗುದ್ದನ್ನು ನೋಡಿದೆ. ಮೆತ್ತಗಿರಲಿಲ್ಲ. ಉಳಿದ ಮೂರರಷ್ಟೇ ಗಟ್ಟಿಯಾಗಿತ್ತು. ಅದು ಕುಂಟಜ್ಜಿಯಲ್ಲ. ಕಾಲು ನೆಟ್ಟಗಿರುವ ಯಾವುದೋ ಹೆಗ್ಗಣ, ನನ್ನ ಸುಳ್ಳುಗಳನ್ನೆಲ್ಲ ಕೇಳಿ ಕದಲದೆ ಉಳಿದದ್ದು, ಈಗ ತಾನಾಗಿಯೇ ಸಾರುತ್ತಿತ್ತು.

ಬಾಗಿಲಿಗೆ ಓಡಿ ಪುಟ್ಟಮಾದಯ್ಯನನ್ನು ಕರೆದೆ. ಪರದೆ ತೋರಿಸಿ, ಆಗಿದ್ದನ್ನು ಎರಡು ಮಾತಿನಲ್ಲಿ ಹೇಳಿದೆ. ಇಪ್ಪತ್ತು ಹೆಗ್ಗಣ ಉಳಿದಿದ್ದವೆಂದೂ, ಸಹಿ ಸುಳ್ಳೆಂದೂ ಹೇಳಿದೆ. ಅವನು ಬೌಂಡರಿಯ ಹಗ್ಗದಾಚೆ ಸುತ್ತಿಕೊಂಡು ವಾಯವ್ಯದ ಮೂಲೆಗೆ ನಡೆದು, ಹುಲ್ಲಿನ ಮೇಲೆ ಎರಡು ಕಾಲೂರಿ ನಿಂತ. ಅಲ್ಲಿಂದ ಹತ್ತು ಮಾರು ದೂರದಲ್ಲಿ ಥರ್ಡ್ ಮ್ಯಾನ್ ಜಾಗದ ಹುಡುಗಿ ತನ್ನ ನೀರಿನ ಬಾಟಲಿಯನ್ನು ಹಗ್ಗದ ಹತ್ತಿರ ಇಡುತ್ತಿದ್ದಳು. ಅವನು ತಿರುಗಿ ಬಂದಾಗ ಮುಖ ಸುಣ್ಣದ ಹಾಗಿತ್ತು.

"ತಣ್ಣಗದೆ ಕನವ್ವ. ಎಂಟು ದಿನದಿಂದ ಅಲ್ಲಿಗೆ ನೀರು ಬುಟ್ಟಿಲ್ಲ, ಬಿಸ್ಲಿಗೆ ಕಾದಿರ್ಬೇಕಿತ್ತು. ಒಳಗೆ ನೀರಾಡ್ತಾ ಅದೆ." ಆ ಮೂಲೆಯ ಕಡೆ ಕೈ ತೋರಿಸಿದ. "ಇದು ಕೆರೆ ಆಗಿತ್ತಲ್ವ. ಮುಚ್ಚುವಾಗ ನಮ್ಮಪ್ಪನೂ ಮಣ್ಣು ಹೊತ್ತಿದ್ದ. ತೂಬು ಆ ಮೂಲೇಲೇ ಇತ್ತು ಅನ್ನೋನು. ಕಲ್ಲಿನ ತೂಬು, ಆಳು ನುಗ್ಗೋವಷ್ಟು. ಅದ ಮುಚ್ಚಲೇ ಇಲ್ವೇನೋ, ಮ್ಯಾಲೆ ಮಣ್ಣು ಸುರುದ್ರು. ಏಳು ಟ್ಯಾಂಕರು ನೀರು ಅಲ್ಲಿಗೇ ಹೋಗ್ಯದೆ. ಹೋಗುವಾಗ ಮಣ್ಣೂ ಎಳಕೊಂಡು ಹೋಗ್ಯದೆ. ನಾವೇ ಕುಡುಸ್ಬುಟ್ಟೋ."

ಆಟ ನಿಲ್ಲಿಸಬೇಕಾದರೆ ಹೆಗ್ಗಣ ಇದೆಯೆಂದು ಹೇಳಬೇಕು. ಹೇಳಿದರೆ ಹುಲ್ಲು ಹೋಯಿತು, ಹನ್ನೊಂದು ಜನರ ಕೆಲಸ ಹೋಯಿತು. ನಾನು ಅವನ ಮುಖ ನೋಡಿದೆ.

"ಯೋಳಿ ಹೋಗವ್ವ," ಎಂದ ಪುಟ್ಟಮಾದಯ್ಯ. "ಹುಲ್ಲು ಇನ್ನೊಂದು ಸಲ ಬೆಳೀತದೆ."

ಅಷ್ಟು ಹೇಳಿ ಅವನು ನನಗಾಗಿ ಕಾಯಲಿಲ್ಲ. ನೇರ ಪಿಚ್ಚಿಗೆ ನಡೆದ. ಬೌಲರ್ ಓಡಿ ಬರುತ್ತಿದ್ದಳು. ಅವನು ನಡುವೆ ನುಗ್ಗಿ ಮೂರು ಸ್ಟಂಪುಗಳನ್ನೂ ಕಿತ್ತು ಕಂಕುಳಲ್ಲಿ ಇಟ್ಟುಕೊಂಡ. ಮೂವತ್ತನಾಲ್ಕು ವರ್ಷ ದಿನಾ ನೆಟ್ಟವನು, ಕೀಳುವುದಕ್ಕೆ ಎಷ್ಟು ಹೊತ್ತು? ಅಂಪೈರ್ ಬಾಯಿ ತೆರೆದು ನಿಂತರು. "ಎಲ್ಲ ಆ ಕಡೀಕೆ ನಡೀರಿ ತಾಯಿ, ಪೂರ್ವದ ಮೆಟ್ಲಿಗೆ, ಓಡಿ," ಎಂದು ಅವನು ಹುಡುಗಿಯರನ್ನು ಕೈಬೀಸಿ ಅಟ್ಟುತ್ತಿದ್ದ. ನಾನು ಶಾಮಿಯಾನಕ್ಕೆ ಓಡಿದೆ.

"ಸರ್, ವಾಯವ್ಯದ ಮೂಲೆ ಕುಸಿಯುತ್ತೆ. ಎಲ್ಲರನ್ನೂ ಹೊರಗೆ ಕಳಿಸಿ."

ಪೂಣಚ್ಚನವರು ನಿಧಾನವಾಗಿ ಕನ್ನಡಕ ತೆಗೆದರು. "ಯಾರು ಹೇಳಿದ್ದು ಮೇಡಂ?"

"ಹೆಗ್ಗಣ ಹೇಳ್ತಾ ಇದೆ ಸರ್."

"ಯಾವ ಹೆಗ್ಗಣ? ಒಂದೂ ಇಲ್ಲ ಅಂತ ನಿನ್ನೆ ನೀವೇ ಬರೆದುಕೊಟ್ಟಿದೀರಿ."

"ಸುಳ್ಳು ಬರೆದೆ. ಇಪ್ಪತ್ತರ ಮೇಲಿವೆ."

"ಅಂದರೆ ನಿಮ್ಮ ಮಾತು ನಂಬಬಾರದು, ಹೆಗ್ಗಣದ ಮಾತು ನಂಬಬೇಕು."

"ಹೌದು ಸರ್. ಹಾಗೇ."

ಅವರು ಇನ್ನೇನು ಹೇಳುತ್ತಿದ್ದರೋ. ಅಷ್ಟರಲ್ಲಿ ವಾಯವ್ಯದ ಬೇಲಿಯ ಬುಡದಿಂದ, ಹನ್ನೊಂದು ಗಂಟೆಯ ಉರಿಬಿಸಿಲಿನಲ್ಲಿ, ಒಂದು ದೊಡ್ಡ ಹೆಗ್ಗಣ ಹೊರಬಂತು. ಬಾಯಲ್ಲಿ ಮರಿ. ಅದರ ಹಿಂದೆ ಇನ್ನೊಂದು. ಬೆಳಕಿಗೆ ಹೆದರಿ ಬದುಕುವ ಪ್ರಾಣಿಗಳು ಸಾಲಾಗಿ, ಹಸಿರು ಹುಲ್ಲಿನ ಮೇಲೆ, ಅಷ್ಟು ಜನರೆದುರು ಪೂರ್ವಕ್ಕೆ ಓಡಿದವು. ಪೂಣಚ್ಚನವರು ತುಟಿಯಲ್ಲೇ ಎಣಿಸಿದರು. ಇಪ್ಪತ್ತಮೂರು ಎಂದು ಹಾಳೆಯಲ್ಲಿ ಬರೆದು, ಎದ್ದು ನಿಂತು, ಮೈಕು ಕಿತ್ತುಕೊಂಡು, "ಎಲ್ಲರೂ ಮೈದಾನ ಬಿಡಿ!" ಎಂದು ಕೂಗಿದರು. ಆ ದನಿಗೆ ಗ್ಯಾಲರಿಯೂ ಎದ್ದಿತು.

ಆರು ನಿಮಿಷ. ಎಲ್ಲರೂ ಪೂರ್ವದ ಮೆಟ್ಟಿಲ ಮೇಲೆ ನಿಂತಿದ್ದೆವು. ಏನೂ ಆಗಲಿಲ್ಲವಲ್ಲ ಎಂದು ಯಾರೋ ನಗಲು ಶುರುಮಾಡಿದ್ದರು. ಆಗ ಅಟ್ಟದಿಂದ ಅಕ್ಕಿಮೂಟೆ ಬಿದ್ದಂಥ ಒಂದು ಸದ್ದು. ನೀರಿನ ಬಾಟಲಿ ಇದ್ದ ಜಾಗ ಇಲ್ಲವಾಯಿತು. ಬಿಳಿಯ ಸೈಟ್‌ಸ್ಕ್ರೀನ್ ನಮಸ್ಕಾರ ಮಾಡುವ ಹಾಗೆ ಬಾಗಿ, ಒಳಗೆ ಹೋಯಿತು. ಧೂಳು ಇಳಿದಾಗ ಎರಡು ಲಾರಿ ಹಿಡಿಸುವಷ್ಟು ಗುಂಡಿ, ತಳದಲ್ಲಿ ಕರಿ ನೀರು, ಆ ನೀರಿನಲ್ಲಿ ತೂಬಿನ ಕಲ್ಲು. ಥರ್ಡ್ ಮ್ಯಾನ್ ಹುಡುಗಿ ಮೆಟ್ಟಿಲ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತೆ. ಪುಟ್ಟಮಾದಯ್ಯ ಸ್ಟಂಪುಗಳನ್ನು ಇನ್ನೂ ಕಂಕುಳಲ್ಲೇ ಇಟ್ಟುಕೊಂಡಿದ್ದ.

ವಿಚಾರಣೆಯಲ್ಲಿ ಎಲ್ಲವನ್ನೂ ಹೇಳಿದೆ. ಹೆಗ್ಗಣ ಓಡಿಸಿದ್ದರಿಂದ ಬಿಲ ಖಾಲಿಯಾಯಿತು, ಬಿಲ ಖಾಲಿಯಾದ್ದರಿಂದ ನೀರು ಕುಡಿಸಿದರು, ನೀರು ತೂಬು ಸೇರಿ ಮಣ್ಣು ಕೊಚ್ಚಿತು. ಮೊದಲ ತಪ್ಪು ನನ್ನದು, ಸಹಿಯೂ ನನ್ನದು. ಸಂಘದವರು ಗುಂಡಿ ಮುಚ್ಚಿ ಪ್ಲಾಸ್ಟಿಕ್ ಹಾಸೋಣ ಎಂದರು. ಎದುರಾಡಿದವರು ಪೂಣಚ್ಚನವರೇ.

"ಪ್ಲಾಸ್ಟಿಕ್ ಅಡಿಯಲ್ಲಿ ಹೆಗ್ಗಣ ಬದುಕಲ್ಲ. ಮುಂದಿನ ಸಲ ಕುಸಿದಾಗ ನಮಗೆ ಹೇಳೋರು ಯಾರು? ಮೇಡಂ ಬರೆದುಕೊಡ್ತಾರಾ?" ಎಂದು ಕೇಳಿ, ನನ್ನ ಕಡೆ ನೋಡಿ ಸ್ವಲ್ಪವೇ ನಕ್ಕರು. ಆ ಕುಟುಕು ನನಗೆ ಸಲ್ಲತಕ್ಕದ್ದೇ. ತೂಬನ್ನು ಕಲ್ಲಿನಿಂದ ಕಟ್ಟಿ ಮುಚ್ಚಬೇಕು, ಮತ್ತೆ ಹುಲ್ಲು ಬೆಳೆಸಬೇಕು, ನೆಲ ಗಟ್ಟಿಯೆಂದು ಖಾತ್ರಿಯಾದ ಮೇಲೆ ಮೈದಾನ ತೆರೆಯಬೇಕು ಎಂದು ವರದಿ ಬರೆದರು. ಖಾತ್ರಿ ಹೇಗೆ ಎಂದು ನನ್ನನ್ನು ಕೇಳಿದರು. "ಹೆಗ್ಗಣ ತಾನಾಗಿ ವಾಪಸ್ ಬಂದು ಸಂಸಾರ ಹೂಡಬೇಕು ಸರ್," ಎಂದೆ. ಅವರು ಅದನ್ನೂ ಬರೆದರು.

ಕುಂಟಜ್ಜಿಯ ಧ್ವನಿಮುದ್ರಣವನ್ನು ಅಳಿಸಿಹಾಕಿದೆ. ಗೂಟಗಳನ್ನು ಕೀಳಲಿಲ್ಲ. ಆಡುವ ಜಾಗದ ಸುತ್ತ ಹಗ್ಗವನ್ನು ಹತ್ತು ಹೆಜ್ಜೆ ಒಳಗೆ ತಂದೆವು. ಹಗ್ಗದ ಒಳಗಿನ ಗೂಟಗಳು ಸಂಜೆ ಎರಡೇ ಗುದ್ದು ಗುದ್ದುತ್ತವೆ: 'ಇದು ನನ್ನ ಜಾಗ, ಆಚೆ ಹೋಗು.' ಹಗ್ಗದ ಹೊರಗಿನ ಗೂಟಗಳು ಆಲಿಸುತ್ತವೆ, ಅಷ್ಟೇ. ಎರಡು ಗುದ್ದು ಸುಳ್ಳಲ್ಲವಾದ್ದರಿಂದ ಅದು ಹಳಸುವುದಿಲ್ಲ ಎನ್ನುವುದು ನನ್ನ ಧೈರ್ಯ. ಅತ್ತೆಗೆ ಇದನ್ನು ವಿವರಿಸಿದಾಗ, "ನಿಜ ಹೇಳೋಕೂ ಯಂತ್ರ ಬೇಕಾಯ್ತಾ?" ಎಂದರು. ಆದರೆ ಅವತ್ತು ಹೋಳಿಗೆ ಮಾಡಿದ್ದರು.

ಮಳೆಗಾಲ ಕಳೆಯಿತು. ಹನ್ನೊಂದು ಜನ ಮಾಲಿಗಳು ಹುಲ್ಲಿನ ಹೆಪ್ಪೆಗಳನ್ನು ಒಂದೊಂದಾಗಿ ಕೂರಿಸಿದರು. ಪುಟ್ಟಮಾದಯ್ಯ ದಿನಾ ಬೆಳಿಗ್ಗೆ ಬರಿಗಾಲಲ್ಲಿ ನಡೆಯುತ್ತಿದ್ದ, ಈಗ ಹುಡುಕುತ್ತಿದ್ದುದು ಬೇರೆ. ಬೀಳಿನ ಕಡೆಯ ಮೋರಿಯ ಬಾಯಲ್ಲಿ ಒಂದೊಂದು ತುಂಡು ರಾಗಿಮುದ್ದೆ ಇಟ್ಟು ಬರುತ್ತಿದ್ದ. ಯಾರಾದರೂ ಕೇಳಿದರೆ ನಾಯಿಗೆ ಅನ್ನುತ್ತಿದ್ದ. ಕಾರ್ತಿಕದ ಒಂದು ಬೆಳಿಗ್ಗೆ ಫೋನು ಬಂತು.

"ಬಂದವೆ ಕನವ್ವ! ವಾಯವ್ಯದಲ್ಲೇ, ಹಗ್ಗದಾಚೆ. ಹೊಸ ಮಣ್ಣು, ಒಣಗ್ಯದೆ, ಬೆಚ್ಚಗದೆ. ಪೂಣಚ್ಚನೋರ್ನೂ ಕರ್ಕಂಡ್ ಬನ್ನಿ."

ನಾವು ಹೋದಾಗ ಅವನು ಬಿಲದ ಸುತ್ತ ನಾಲ್ಕು ಕಡ್ಡಿ ನೆಟ್ಟು, ಯಾರೂ ತುಳಿಯದ ಹಾಗೆ ದಾರ ಕಟ್ಟಿ ನಿಂತಿದ್ದ. ನನ್ನಿಂದಲೂ ಪೂಣಚ್ಚನವರಿಂದಲೂ ಚಪ್ಪಲಿ ಬಿಡಿಸಿದ. ನಾನು ಅಂಗಾಲನ್ನು ಆ ಮಣ್ಣಿನ ಪಕ್ಕ ಇಟ್ಟೆ. ಗಟ್ಟಿಯಾಗಿತ್ತು. ಪೂಣಚ್ಚನವರು ಹಾಳೆ ತೆಗೆದು, 'ಮೈದಾನದಲ್ಲಿ ಕಂಡ ಬಿಲಗಳ ಸಂಖ್ಯೆ' ಎಂಬ ಸಾಲಿನ ಮೇಲೆ ಪೆನ್ನು ನಿಲ್ಲಿಸಿ, ಸುತ್ತ ನೋಡಿ, ಮುಖ ಸಣ್ಣಗೆ ಮಾಡಿದರು.

"ಒಂದೇನಾ ಪುಟ್ಟಮಾದಯ್ಯ?"

ಪುಟ್ಟಮಾದಯ್ಯ ಕೈ ಹೊಸೆಯುತ್ತ ನಿಂತ. ಮೂವತ್ತನಾಲ್ಕು ವರ್ಷ ಈ ಪ್ರಶ್ನೆಗೆ ಅವನು ಒಂದೂ ಇಲ್ಲ ಎಂದೇ ಹೇಳುತ್ತ ಬಂದಿದ್ದ.

"ಈಗ ತಾನೆ ಸುರುವಾಗ್ಯದೆ ಸಾ," ಎಂದ. "ಇನ್ನೂ ಬತ್ತವೆ. ವಸಿ ಟೇಮ್ ಕೊಡಿ."